ಮಾತು ಕಲಿಯಲು ಕಾಸು ಯಾರು ಕೊಡಬೇಕು?

(ಈಸೂರಿನಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಸ್ಥರ ಮುಂದೆ ಮಾಡಿದ ಭಾಷಣ)



ಈ ಊರಿನಲ್ಲಿ ನಿಂತು ಮಾತನಾಡುವವರಿಗೆ ಸ್ವಲ್ಪ ಅಂಜಿಕೆ ಇರಲೇಬೇಕು. 1942ರಲ್ಲಿ ಈಸೂರಿನವರು ಕಂದಾಯ ಕೊಡುವುದಿಲ್ಲವೆಂದು ಸಾರಿ ತಮ್ಮದೇ ಸರ್ಕಾರ ಕಟ್ಟಿಕೊಂಡರು. ಊರ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. 1943ರ ಮಾರ್ಚಿಯಲ್ಲಿ ಇಲ್ಲಿನ ಐದು ಮಂದಿ ಗಲ್ಲಿಗೇರಿದರು. ಆಡಿದ ಮಾತನ್ನು ಬಿಟ್ಟುಕೊಡದ ಊರು ಇದು. ಮಾತೇ ಬಾರದ ಮಕ್ಕಳ ವಿಷಯವನ್ನು ನಾವು ಇಲ್ಲಿಯೇ ಎತ್ತುತ್ತಿದ್ದೇವೆ.

ಅದೇ 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ನೋಡಿ, ಇಂದು ಆಟಿಸಂ ಎನ್ನುವ ಸ್ಥಿತಿಯನ್ನು ವಿವರಿಸಿದರು. ಬಳಿಕ ಬಹಳ ಕಾಲ ದೊಡ್ಡ ದೊಡ್ಡ ಪಂಡಿತರೇ, ತಾಯಿ ಪ್ರೀತಿ ಕೊಡದ್ದರಿಂದ ಮಗು ಹೀಗಾಯಿತು ಎಂದು ದೂರಿದರು. ಅದು ಶುದ್ಧ ಸುಳ್ಳೆಂದು ವಿಜ್ಞಾನ ತೋರಿಸಿಕೊಟ್ಟಿದೆ. ಆದರೂ ನಮ್ಮ ಹಟ್ಟಿಯಲ್ಲಿ, ಜಗಲಿಯಲ್ಲಿ ಆ ದೂರು ಇನ್ನೂ ನಿಂತಿಲ್ಲ. ತಾಯಿಯ ಮೇಲೆ ತಪ್ಪು ಹೊರಿಸಿದರೆ ಸರ್ಕಾರದ ಹೊಣೆ ತಪ್ಪುತ್ತದೆ, ಅಷ್ಟೆ.

ಹೆಸರು ಹಿಡಿದು ಕರೆದರೆ ಮಗು ತಿರುಗುವುದಿಲ್ಲ. ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳಿಟ್ಟು ತೋರಿಸುವುದಿಲ್ಲ. ಬಂದಿದ್ದ ನಾಲ್ಕು ಮಾತೂ ಹೋಗಿಬಿಡುತ್ತವೆ. ಆಗ ‘ನಮ್ಮ ಮನೆತನದಲ್ಲಿ ಗಂಡುಮಕ್ಕಳು ಮಾತಾಡುವುದು ತಡ’ ಎಂದು ಕೂರಬೇಡಿ. ಮೊದಲು ಕಿವಿಯ ಪರೀಕ್ಷೆ ಆಗಲಿ. ಅನಂತರ ಬೆಳವಣಿಗೆಯ ಪರೀಕ್ಷೆ. ಸ್ಪೀಚ್ ಥೆರಪಿ ಎಂದರೆ ನಾಲಿಗೆ ತಿದ್ದುವ ಕೆಲಸವೆಂದು ಹಲವರು ತಿಳಿದಿದ್ದಾರೆ. ನೋಟ, ಸನ್ನೆ, ಚಿತ್ರ, ಶಬ್ದ ಯಾವುದರಿಂದಲಾದರೂ ಮಗು ತನಗೇನು ಬೇಕೆಂದು ತಿಳಿಸಲು ಕಲಿಯುವುದೇ ಅದರ ಸಾರ. ಕೆಲವು ಮಕ್ಕಳಿಗೆ ಮಾತು ಬರುತ್ತದೆ, ಕೆಲವರು ಚಿತ್ರ ತೋರಿಸಿ ನೀರು ಕೇಳುತ್ತಾರೆ. ಎರಡೂ ಗೆಲುವೇ. ಮನೆಯ ಲಂಬಾಣಿ, ಉರ್ದು, ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಆಡಿ ಎನ್ನುವವರ ಮಾತು ಕೇಳಬೇಡಿ. ಎರಡು ಭಾಷೆಯಿಂದ ಈ ಮಕ್ಕಳಿಗೆ ಕೇಡಿಲ್ಲ. ತಾಯಿಯ ಭಾಷೆ ಕಸಿದುಕೊಂಡರೆ ಕೇಡಿದೆ.

ಇನ್ನು ಲೆಕ್ಕಕ್ಕೆ ಬರೋಣ. ಖಾಸಗಿಯಲ್ಲಿ ಒಂದು ಸಲಕ್ಕೆ 500 ರೂಪಾಯಿ ಎಂದಿಟ್ಟುಕೊಳ್ಳಿ. ವಾರಕ್ಕೆ ಎರಡು ಸಲ; ತಿಂಗಳಿಗೆ 4,000. ಶಿವಮೊಗ್ಗಕ್ಕೆ ಹೋಗಿಬರಲು ಎಂಟು ದಿನದ ಕೂಲಿ ಖೋತಾ, ಇಲ್ಲವೇ ಎಂಟು ದಿನ ಅಂಗಡಿಗೆ ಬಾಗಿಲು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಇದು ಎರಡು ತಿಂಗಳ ಮಾತಲ್ಲ, ವರ್ಷಗಳ ಮಾತು. ಅರ್ಧದಲ್ಲಿ ಬಿಟ್ಟ ತಂದೆತಾಯಿಯರನ್ನು ಅಲಕ್ಷ್ಯದವರೆಂದು ಯಾರೂ ಹಳಿಯಬಾರದು.

ಹಾಗಾದರೆ ನಮಗೆ ಸಲ್ಲತಕ್ಕದ್ದು ಏನಿದೆ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಯ ಮಕ್ಕಳನ್ನು ಒಂದು ಸಲ ತಂಡ ಬಂದು ನೋಡಬೇಕು; ಬೇಕಾದವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಿ ಪುಕ್ಕಟೆ ಆರೈಕೆ ಕೊಡಿಸಬೇಕು. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಮಾಡಿಸಿಕೊಳ್ಳಿ, ಅದಿಲ್ಲದೆ ಯಾವ ಬಾಗಿಲೂ ತೆರೆಯದು. 1999ರ ಕಾಯಿದೆಯಿಂದ ಹುಟ್ಟಿದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನದು. ಥೆರಪಿಯ ವೆಚ್ಚಕ್ಕೂ ಅದರಲ್ಲಿ ಒಂದು ಪಾಲುಂಟು. ರಶೀದಿ ಜೋಪಾನ ಮಾಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವನ್ನು ತಾಯಂದಿರಿಗೇ ಅಲ್ಲಿ ಕಲಿಸುತ್ತಾರೆ. ಸ್ಟೆಮ್ ಸೆಲ್ ಸೂಜಿ ಚುಚ್ಚಿದರೆ ಮಾತು ಬರುತ್ತದೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ ಅದನ್ನು ವೃತ್ತಿಗೆ ಸಲ್ಲದ ನಡತೆ ಎಂದಿದೆ. ಅದಕ್ಕಾಗಿ ಗದ್ದೆ ಮಾರಬೇಡಿ.

ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ, ಕಲಿಸುವವರು ದೂರದ ಪಟ್ಟಣದಲ್ಲಿದ್ದರೆ ಪ್ರಯೋಜನವೇನು? ಇ.ಎಸ್.ಐ.ಗೆ ಸೇರಿದ ಕೆಲಸಗಾರನ ಕೂಲಿಯಿಂದ 2019ರ ಜುಲೈನಿಂದ ನೂರಕ್ಕೆ 75 ಪೈಸೆ, ಮಾಲೀಕನಿಂದ 3 ರೂಪಾಯಿ 25 ಪೈಸೆ ಹೋಗುತ್ತಿದೆ. ಅದು ಕುಟುಂಬದ ವೈದ್ಯಕ್ಕೆಂದು ಕಟ್ಟುವ ಹಣ. ಸಣ್ಣ ವ್ಯಾಪಾರಿಗೆ ಅದೂ ಇಲ್ಲ. ಆದ್ದರಿಂದ ನಮ್ಮ ಬೇಡಿಕೆ ಮೂರು: ಪ್ರತಿ ತಾಲ್ಲೂಕು ಆಸ್ಪತ್ರೆಗೆ ಕನ್ನಡ ಬಲ್ಲ ಒಬ್ಬ ಸ್ಪೀಚ್ ಥೆರಪಿಸ್ಟ್, ಇ.ಎಸ್.ಐ. ಆಸ್ಪತ್ರೆಗಳಲ್ಲಿ ಕೆಲಸಗಾರರ ಮಕ್ಕಳಿಗೆ ತಪ್ಪದೆ ಈ ಚಿಕಿತ್ಸೆ; ಮಗುವನ್ನು ಕರೆದೊಯ್ದ ದಿನಕ್ಕೆ ಕೂಲಿ ಕಡಿತವಿಲ್ಲದ ರಜ.

1951ರಲ್ಲಿ ನಮ್ಮ ಜಿಲ್ಲೆಯ ಕಾಗೋಡಿನ ಗೇಣಿದಾರರು ಉಳುವ ನೆಲಕ್ಕಾಗಿ ಸತ್ಯಾಗ್ರಹ ಹೂಡಿದಾಗ, ಇವರಿಗೆ ಮಾತೆಲ್ಲಿಂದ ಬಂತು ಎಂದು ಒಡೆಯರು ಬೆರಗಾಗಿರಬೇಕು. ಒಟ್ಟಾಗಿ ನಿಂತದ್ದರಿಂದ ಬಂತು. ತಮಗಾಗಿ ತಾವು ಕೇಳಲಾರದ ಮಕ್ಕಳ ಪರವಾಗಿ ನಾವೂ ಒಟ್ಟಾಗಿ ಕೇಳಬೇಕು. ನಾಳೆಯೇ ನಿಮ್ಮ ಬೀದಿಯಲ್ಲಿ ಅಂಥ ಮಕ್ಕಳಿರುವ ಮನೆಗೆ ಹೋಗಿ. ಅರ್ಜಿ ಬರೆಯಲು ಬಾರದಿದ್ದರೆ ಬರೆದುಕೊಡಿ. ಕಚೇರಿಗೆ ಆ ತಾಯಿಯ ಜೊತೆ ನಡೆಯಿರಿ. ಕೆಲಸ ಅಲ್ಲಿಂದ ಶುರುವಾಗಲಿ.