ಬಹಮನಿ ಒಡೆದ ಮೇಲೆ



ಸೇಡಂ ಸೀಮೆಯ ಇತಿಹಾಸ ಹೇಳುವಾಗ ಮಳಖೇಡದ ರಾಷ್ಟ್ರಕೂಟರು, ಕಲಬುರಗಿಯ ಬಹಮನಿಗಳು ಎಂದು ರಾಜಧಾನಿಗಳ ಹೆಸರು ಎತ್ತುವುದು ವಾಡಿಕೆ. ಸಾಮ್ರಾಜ್ಯ ಕಟ್ಟಿದ ಕಥೆ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅದು ಒಡೆದ ಮೇಲೆ ಹುಟ್ಟಿದ ರಾಜ್ಯಗಳು ಒಂದೊಂದು ಕೋಟೆಗಾಗಿ ತಲೆಮಾರುಗಟ್ಟಲೆ ಹೊಡೆದಾಡಿದ ಕಾಲ ಮಾತ್ರ ಪಠ್ಯಪುಸ್ತಕದಲ್ಲಿ ನಾಲ್ಕು ಸಾಲಿಗೆ ಮುಗಿಯುತ್ತದೆ. ಉತ್ತರಕ್ಕೆ ಬೀದರ್, ಪಶ್ಚಿಮಕ್ಕೆ ವಿಜಯಪುರ, ಪೂರ್ವಕ್ಕೆ ಗೋಲ್ಕೊಂಡ. ನಡುವೆ ಸಿಕ್ಕಿಬಿದ್ದದ್ದು ಇದೇ ನೆಲ.

1347ರಲ್ಲಿ ಹುಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯ ಮೊದಲು ನಾಲ್ಕು ತರಫುಗಳಾಗಿ, ಅಂದರೆ ಪ್ರಾಂತಗಳಾಗಿ, ಹಂಚಿತ್ತು. ವಜೀರ ಮಹಮೂದ್ ಗವಾನ್ ಅವನ್ನು ಎಂಟು ಮಾಡಿದ. ಒಬ್ಬ ತರಫದಾರನಿಗೆ ಒಂದೇ ಕೋಟೆ ಬಿಟ್ಟು, ಉಳಿದ ಕೋಟೆಗಳಿಗೆ ಸುಲ್ತಾನನ ಕಡೆಯಿಂದಲೇ ಕಿಲ್ಲೇದಾರರನ್ನು ಇಟ್ಟ. ಕೋಟೆ ಯಾರ ಕೈಯಲ್ಲಿದೆಯೋ ನಾಡು ಅವರದೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದರಬಾರಿನ ಸರದಾರರು ಪಿತೂರಿ ಮಾಡಿ 1481ರಲ್ಲಿ ಅವನ ತಲೆ ತೆಗೆಸಿದರು. ಮರುವರ್ಷ ಸುಲ್ತಾನನೂ ಸತ್ತು ಗದ್ದುಗೆಗೆ ಬಂದವನು ಇನ್ನೂ ಹುಡುಗ. 1490ರ ಹೊತ್ತಿಗೆ ವಿಜಯಪುರ, ಅಹಮದನಗರ, ಬೇರಾರ್ ಸ್ವತಂತ್ರವಾದವು. ಆಗ ರಾಜಧಾನಿಯಾಗಿದ್ದ ಬೀದರಿನಲ್ಲಿ ಬರೀದ್ ಮನೆತನದವರು ಸುಲ್ತಾನನನ್ನು ಹೆಸರಿಗಷ್ಟೇ ಕೂರಿಸಿ ತಾವೇ ಆಳಿದರು. ಗೋಲ್ಕೊಂಡ ಕೊನೆಗೆ ಬೇರೆಯಾಯಿತು.

ಕಲಬುರಗಿಯೂ ಆರನೆಯ ರಾಜ್ಯವಾಗುವುದರಲ್ಲಿತ್ತು. ಇಲ್ಲಿದ್ದ ಆಫ್ರಿಕಾ ಮೂಲದ ಹಬಶಿ ಸರದಾರ ದಸ್ತೂರ್ ದೀನಾರ್ ಸ್ವತಂತ್ರನಾಗಲು ಹವಣಿಸಿದ. ವಿಜಯಪುರದ ಯೂಸುಫ್ ಆದಿಲ್ ಖಾನ್ ಅವನನ್ನು ಕೊಂದು ಕಲಬುರಗಿಯನ್ನು ಸೇರಿಸಿಕೊಂಡ. ನೆರೆಯವರೆಲ್ಲ ಒಂದೇ ದರಬಾರಿನ ಉಪ್ಪು ಉಂಡವರು, ಒಂದೇ ಪಾರಸಿಯಲ್ಲಿ ಫರ್ಮಾನು ಬರೆಸುವವರು. ಆದರೂ ಒಬ್ಬನ ಗಡಿಯನ್ನು ಇನ್ನೊಬ್ಬ ಒಪ್ಪಲಿಲ್ಲ. ಹಳೆಯ ತರಫಿನ ಎಲ್ಲೆಗಳು ತೆರಿಗೆಗಾಗಿ ಎಳೆದಂಥವು. ಅವೇ ದೇಶದೇಶಗಳ ಗಡಿಯಾಗಿ ನಿಂತಾಗ ಯಾರಿಗೂ ಸಮಾಧಾನವಿರಲಿಲ್ಲ.

ಸೊಲ್ಲಾಪುರದ ಪ್ರಸಂಗವನ್ನು ಸ್ವಲ್ಪ ನಿಂತು ನೋಡಬೇಕು. ವಿಜಯಪುರಕ್ಕೂ ಅಹಮದನಗರಕ್ಕೂ ನಡುವೆ ಇದ್ದ ಕೋಟೆ ಅದು. 1524ರ ಸುಮಾರಿಗೆ ಎರಡೂ ಕಡೆಯವರು ಅಲ್ಲಿಯೇ ಸೇರಿ ಬೀಗತನ ಬೆಳೆಸಿದರು. ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಹ ತನ್ನ ಸಹೋದರಿ ಮರಿಯಮ್‌ಳನ್ನು ಅಹಮದನಗರದ ಬುರ್ಹಾನ್ ನಿಜಾಮ್ ಶಾಹನಿಗೆ ಕೊಟ್ಟ. ಸೊಲ್ಲಾಪುರ ಕೋಟೆ ಬಳುವಳಿ ಎಂದು ಮಾತಾಗಿತ್ತು. ಮದುವೆ ಮುಗಿಯಿತು, ಕೋಟೆ ಮಾತ್ರ ಕೈಬದಲಾಗಲಿಲ್ಲ. ಆಗ ಹತ್ತಿದ ಯುದ್ಧ ನಲವತ್ತು ವರ್ಷ ಆರಲಿಲ್ಲ. ಕಡೆಗೆ ಅದೇ ಕೋಟೆಯನ್ನು ಇನ್ನೊಂದು ಮದುವೆಯಲ್ಲಿ ತಿರುಗಿ ಬಳುವಳಿ ಕೊಟ್ಟರು. ಈ ಸಲ ಮದುಮಗಳು ಅಹಮದನಗರದ ಚಾಂದ್ ಬೀಬಿ, ವರ ವಿಜಯಪುರದ ಅಲಿ ಆದಿಲ್ ಶಾಹ. ಮುಂದೆ 1595-96ರಲ್ಲಿ ಮೊಗಲರು ಅಹಮದನಗರಕ್ಕೆ ಮುತ್ತಿಗೆ ಹಾಕಿದಾಗ ಕೋಟೆಯ ಮೇಲೆ ನಿಂತು ಕಾದಿದವಳು ಇವಳೇ. ಗಂಡಸರು ಕೋಟೆಗೆ ಬೆಲೆಯಾಗಿ ಕೊಟ್ಟ ಹೆಣ್ಣುಮಗಳು ಕೋಟೆ ಉಳಿಸಲು ಹೋರಾಡಿ, ಕಡೆಗೆ ತನ್ನ ಕಡೆಯವರ ಕೈಯಲ್ಲೇ ಸತ್ತಳು. ಈ ಇತಿಹಾಸದಲ್ಲಿ ಮನಸ್ಸು ಹಿಂಡುವ ಹೆಸರು ಅವಳದು.

ಪೂರ್ವದ ಗಡಿಯ ಕಥೆ ಇನ್ನೂ ಹತ್ತಿರದ್ದು. ಇಸ್ಮಾಯಿಲ್ ಆದಿಲ್ ಶಾಹ ಗೋಲ್ಕೊಂಡದ ಕೋಯಿಲ್‌ಕೊಂಡ ಕೋಟೆಗೆ ಮುತ್ತಿಗೆ ಹಾಕಿದ್ದಾಗಲೇ ಕಾಯಿಲೆ ಬಿದ್ದು 1534ರಲ್ಲಿ ತೀರಿಕೊಂಡ. ಶಹಾಪುರ ತಾಲೂಕಿನ ಗೋಗಿಯಲ್ಲಿ, ಸೂಫಿ ಚಂದಾ ಹುಸೇನಿ ದರ್ಗಾದ ಬಳಿ, ತಂದೆ ಯೂಸುಫನ ಮಗ್ಗುಲಿಗೆ ಅವನನ್ನು ಮಣ್ಣು ಮಾಡಿದರು. ಗೋಲಗುಂಬಜಕ್ಕೆ ಸಾಲುಗಟ್ಟುವ ಜನರಲ್ಲಿ ಗೋಗಿಗೆ ಹೋಗಿ ಬಂದವರು ಎಷ್ಟು ಮಂದಿ?

ಜಗಳ ನಿಲ್ಲದ ಕಡೆ ಹೊರಗಿನವನು ಪಂಚನಾಗುತ್ತಾನೆ. ಕಲ್ಯಾಣದ ಕೋಟೆಗಾಗಿ ಬೀದರ್, ವಿಜಯಪುರ, ಅಹಮದನಗರ ಮೂವರೂ ಕಿತ್ತಾಡುವಾಗ ವಿಜಯನಗರದ ರಾಮರಾಯ ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ ನಿಂತ. 1565ರಲ್ಲಿ ನಾಲ್ವರು ಸುಲ್ತಾನರು ಒಂದಾಗಿ ರಕ್ಕಸತಂಗಡಿಯಲ್ಲಿ ಅವನನ್ನು ಕೊಂದರು. ಆ ಒಗ್ಗಟ್ಟು ಬಹಳ ದಿನ ಬಾಳಲಿಲ್ಲ. 1574ರಲ್ಲಿ ಬೇರಾರನ್ನು ಅಹಮದನಗರ ನುಂಗಿತು, 1619ರಲ್ಲಿ ಬೀದರನ್ನು ವಿಜಯಪುರ ನುಂಗಿತು. ಉಳಿದವರನ್ನು ಮೊಗಲರು ನುಂಗಿದರು: ವಿಜಯಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ.

ಸಾಮ್ರಾಜ್ಯ ಒಡೆದ ಮೇಲೆ ನೆರೆಯವರು ಹೀಗೆ ಹೊಡೆದಾಡುವುದು ದಖ್ಖನಿನ ಜಾಯಮಾನ ಎಂದು ಯಾರೂ ಹಳಿಯಬಾರದು. ರಷ್ಯಾದ ಜಾರ್ ಸಾಮ್ರಾಜ್ಯ ಬಿದ್ದಾಗ ಜಾರ್ಜಿಯಾ, ಅರ್ಮೇನಿಯಾ 1918ರ ಮೇ ತಿಂಗಳಲ್ಲಿ ಸ್ವತಂತ್ರವಾದವು. ಅದೇ ಡಿಸೆಂಬರಿನಲ್ಲಿ ಲೋರಿ ಎಂಬ ಸೀಮೆಗಾಗಿ ಪರಸ್ಪರ ಯುದ್ಧಕ್ಕಿಳಿದವು. 1921ರ ವಸಂತದೊಳಗೆ ಎರಡೂ ಸೋವಿಯತ್ ಕೈಗೆ ಹೋದವು.

ಬೇರೆ ದಾರಿಯೂ ಇತ್ತು ಎಂಬುದಕ್ಕೆ ಕಲಬುರಗಿ ಜಿಲ್ಲೆಯೇ ಸಾಕ್ಷಿ. 1956ರಲ್ಲಿ ಹೈದರಾಬಾದ್ ರಾಜ್ಯವನ್ನು ಭಾಷೆಯ ಮೇಲೆ ಹಂಚಿದಾಗ ಆಗಿನ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಕೊರಗು ಉಳಿದಿರಬಹುದು. ಆದರೆ ಸಂಸತ್ತಿನ ಕಾಯಿದೆ ಎಳೆದ ಆ ಗೆರೆಗಾಗಿ ಸೇಡಂ, ತಾಂಡೂರಿನ ನಡುವೆ ದಂಡು ಏಳಲಿಲ್ಲ.

ಆದಿಲಶಾಹಿ ಕಾಲದ ಕದನಗಳನ್ನು ವಿಜಯಪುರದಲ್ಲಿ ಕೂತು ಪಾರಸಿಯಲ್ಲಿ ಬರೆದವನು ಫಿರಿಸ್ತಾ. ಎಷ್ಟು ಆನೆ ಸಿಕ್ಕವು, ಯಾವ ಸರದಾರ ಓಡಿದ ಎಂಬುದೆಲ್ಲ ಅವನಲ್ಲಿದೆ. ಮಳೆಗಾಲ ಕಳೆದು ದಂಡು ಹೊರಟಾಗ ಎರೆಹೊಲದ ಬಿಳಿಜೋಳ ಯಾರ ಕುದುರೆಗೆ ಮೇವಾಯಿತು ಎಂಬ ಲೆಕ್ಕ ಅಲ್ಲಿಲ್ಲ. ಪಾರಸಿ ಆಕರಗಳನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸಕ್ಕೆ ಎಂ.ಎಂ. ಕಲಬುರ್ಗಿಯವರು ವಿಜಯಪುರದಲ್ಲಿ ಮುಂದಾಳಾಗಿ ನಿಂತಿದ್ದರು. ರೈತರ ಪಾಲಿನ ಇತಿಹಾಸವನ್ನು ಹುಡುಕುವ ಹೊಣೆ ಈ ಭಾಗದ ಕಾಲೇಜುಗಳದು. ಊರೂರಿನ ಹುಡೆಗಳು, ಅಂದರೆ ಕಾವಲು ಬುರುಜುಗಳು, ಕುಸಿಯುತ್ತಿವೆ, ಅವುಗಳ ಕಲ್ಲು ಮನೆಯ ಪಾಯಕ್ಕೆ ಹೋಗುತ್ತಿದೆ. ಯಾವ ಹುಡೆ ಯಾವ ಕಾಲದ್ದು, ಯಾವ ಗುಮ್ಮಟದಲ್ಲಿ ಪಾರಸಿ ಶಾಸನವಿದೆ, ಯಾವ ಹೊಲದಲ್ಲಿ ಕನ್ನಡ ಕಲ್ಲು ಬಿದ್ದಿದೆ ಎಂದು ವಿದ್ಯಾರ್ಥಿಗಳು ಅಳತೆ, ಚಿತ್ರ ಸಮೇತ ಬರೆದಿಡಲಿ. ಹಿರಿಯರು ಅವರನ್ನು ಕರೆದೊಯ್ದು ತೋರಿಸಲಿ. ಗುಲ್ಬರ್ಗಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಈ ಬರಹಗಳನ್ನು ಪರಿಶೀಲಿಸಿ ಪ್ರಕಟಿಸಲಿ ಎಂಬ ಗೊತ್ತುವಳಿಯನ್ನು ಇಂದಿನ ಬಹಿರಂಗ ಅಧಿವೇಶನ ಒಪ್ಪಬೇಕೆಂದು ಅಧ್ಯಕ್ಷ ಪೀಠದ ವಿನಂತಿ.