ಭಜನಿ ಮೇಳದಲ್ಲಿ ನಾವು
(ಸಂಸ್ಥೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪ್ರತಿವರ್ಷ ಈ ವೇದಿಕೆಯ ಮೇಲಿಂದ ಪರೀಕ್ಷೆಯ ಫಲಿತಾಂಶ, ಹಾಜರಿ, ಕಟ್ಟಡದ ನಿಧಿ ಇವುಗಳನ್ನು ಕುರಿತು ಮಾತನಾಡುವುದು ನಮ್ಮ ವಾಡಿಕೆ. ಆ ಲೆಕ್ಕವೆಲ್ಲ ವರದಿಯಲ್ಲಿ ಅಚ್ಚಾಗಿದೆ, ಬಲ್ಲವರು ಓದಿಕೊಳ್ಳಬಹುದು. ಈ ಸಲ ನಮ್ಮ ಮೇಲೆಯೇ ಬಂದಿರುವ ಒಂದು ದೂರಿಗೆ ಉತ್ತರ ಹೇಳಬೇಕೆಂದು ನಿಂತಿದ್ದೇವೆ.

ದೂರು ಹೀಗಿದೆ. ಬೆಳುಂಕಿಯ ಭಜನಿ ಮೇಳದಲ್ಲಿ ಸೋಮವಾರ ರಾತ್ರಿ ಪೇಟಿ ಬಾರಿಸುವವರು ಬೇರೆ ಯಾರೂ ಅಲ್ಲ, ಈ ಶಾಲೆಯ ಮುಖ್ಯಾಧ್ಯಾಪಕರು. ಪಾಲಕರೊಬ್ಬರು ಕಚೇರಿಗೆ ಬಂದು, "ಗುರುಗಳ, ನೀವ ನಡುರಾತ್ರಿ ತನಕ ಪೇಟಿ ಹಿಡಕೊಂಡು ಕುಂತ್ರ, ನಮ್ಮ ಹುಡುಗರಿಗೆ ಓದ್ರಿ ಅಂತ ಹೇಳಾವ್ರು ಯಾರು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದು. ಅಂದು ನಮಗೆ ಉತ್ತರ ತೋಚದೆ, ಚಹಾ ತರಿಸಿ ಮಾತು ಮರೆಸಿದೆವು. ಆ ಚಹಾದ ಋಣ ತೀರಲಿಲ್ಲ.

ಮೊದಲಿಗೆ ನಮ್ಮ ಯೋಗ್ಯತೆಯನ್ನು ಹೇಳಿಬಿಡುವುದು ಒಳ್ಳೆಯದು. ನಾವು ಗವಾಯಿಗಳಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಮೇಳದ ಹಿರಿಯರೊಬ್ಬರ ಮಗ್ಗುಲಲ್ಲಿ ಕುಳಿತು, ಅವರು ಎಲೆ ಅಡಿಕೆ ಹಾಕಿಕೊಳ್ಳಲು ಕೈ ಬಿಟ್ಟಾಗಲೆಲ್ಲ ಪೇಟಿಯ ತಿದಿಯನ್ನು ಒತ್ತುತ್ತ ಕಲಿತವರು. ಮನೆಯಲ್ಲಿ ಒಂದು ರೇಡಿಯೊ ಇತ್ತು. ಧಾರವಾಡದ ಆಕಾಶವಾಣಿ ಕೇಂದ್ರ ೧೯೫೦ರಲ್ಲಿ, ಸಾಂಗ್ಲಿಯದು ೧೯೬೩ರಲ್ಲಿ ಆರಂಭವಾದವು. ಒಂದು ಕನ್ನಡದಲ್ಲಿ, ಒಂದು ಮರಾಠಿಯಲ್ಲಿ. ಎರಡೂ ಕಡೆಯ ಹಾಡನ್ನು ಕೇಳುತ್ತ ಬೆಳೆದುದು ಗಡಿಯ ಮಕ್ಕಳ ಭಾಗ್ಯವೆಂದೇ ನಾವು ಎಣಿಸುತ್ತೇವೆ. ಇಂದು ನಾವು ಗುರುತಿಸಬಲ್ಲ ರಾಗಗಳು ಏಳೆಂಟು. ಸರಿಯಾಗಿ ಬಾರಿಸಬಲ್ಲವು ನಾಲ್ಕು. ಹಾಡುವವರು ಬಿಳಿ ನಾಲ್ಕರಲ್ಲಿ ಸುರು ಮಾಡಿದರೆ ನಿಭಾಯಿಸುತ್ತೇವೆ. ಕರಿ ಒಂದಕ್ಕೆ ಹೋದರೆ ನಮ್ಮ ಬೆರಳುಗಳಿಗೆ ದಾರಿ ತಪ್ಪುತ್ತದೆ, ಮೇಳದವರು ದೊಡ್ಡ ಮನಸ್ಸಿನಿಂದ ತಾಳವನ್ನು ಜೋರಾಗಿ ಬಡಿದು ನಮ್ಮ ತಪ್ಪನ್ನು ಮುಚ್ಚುತ್ತಾರೆ.

ಸಂಗೀತವೆಂದರೆ ಅದು ಪುಣೆಯಲ್ಲಿದೆ, ಧಾರವಾಡದಲ್ಲಿದೆ, ನಮ್ಮ ಜತ್ತ ತಾಲೂಕಿನಲ್ಲಿ ಬರಗಾಲ ಮಾತ್ರ ಇದೆ ಎಂದು ವಿದ್ಯಾರ್ಥಿಗಳು ತಿಳಿದಿರುವುದುಂಟು. ನಮ್ಮ ಜಿಲ್ಲೆಯ ಮಿರಜನ್ನು ಎಷ್ಟು ಜನ ಬಲ್ಲಿರಿ? ಆಸ್ಪತ್ರೆಗೆಂದು, ರೈಲಿಗೆಂದು ಹೋಗುತ್ತೇವೆ. ಅದೇ ಊರಿನಲ್ಲಿ ಖಾನಸಾಹೇಬ ಅಬ್ದುಲ್ ಕರೀಂ ಖಾನರು ನೆಲೆಸಿದ್ದರು. ೧೯೩೭ರಲ್ಲಿ ದಕ್ಷಿಣದ ಪ್ರವಾಸದಲ್ಲಿ ರೈಲಿನಿಂದ ಒಂದು ಸಣ್ಣ ನಿಲ್ದಾಣದಲ್ಲಿ ಇಳಿದು, ತಂಬೂರಿ ಕೂಡಿಸಲು ಹೇಳಿ, ಹಾಡುತ್ತಲೇ ಪ್ರಾಣಬಿಟ್ಟರು. ಅವರ ಸಮಾಧಿ ಮಿರಜಿನ ದರ್ಗಾದ ಆವರಣದಲ್ಲಿದೆ. ಅಲ್ಲಿ ಪ್ರತಿವರ್ಷ ಉರುಸಿನಲ್ಲಿ ಕಲಾವಿದರು ಬಂದು ಹಾಡುತ್ತಾರೆ. ನಾವು ಮೇಳದವರು ಒಮ್ಮೆ ಹೋಗಿ ನೆಲದ ಮೇಲೆ ಕುಳಿತು ರಾತ್ರಿಯೆಲ್ಲ ಕೇಳಿ ಬಂದೆವು. ಕುಂದಗೋಳದ ಸವಾಯಿ ಗಂಧರ್ವರು ಖಾನಸಾಹೇಬರ ಶಿಷ್ಯರು. ಧಾರವಾಡದ ಸಮೀಪದ ಮನ್ಸೂರಿನ ಮಲ್ಲಿಕಾರ್ಜುನರು ಎಳೆಯ ವಯಸ್ಸಿನಲ್ಲಿ ಕಲಿಯಲು ಬಂದುದೂ ಮಿರಜಿಗೇ, ನೀಲಕಂಠ ಬುವಾ ಅವರ ಬಳಿಗೆ. ತಂಬೂರಿಗಳನ್ನು, ಸಿತಾರಗಳನ್ನು ಕೂಡ ಅಲ್ಲಿಯೇ ಮಾಡುತ್ತಾರೆ. ಹಿಂದೆ ಆಯುಧ ಮಾಡುತ್ತಿದ್ದ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೆಲಸಕ್ಕೆ ಕೈಹಾಕಿದವು. ಪಂಢರಪುರದ ಕಡೆಯಿಂದ ಬರುವ ದೊಡ್ಡ ಸೋರೆ ಬುರುಡೆಗಳನ್ನು ಒಣಗಿಸಿ, ಕೊಯ್ದು, ಮರ ಕೂಡಿಸಿ ನಾದ ಹಿಡಿಯುತ್ತಾರೆ. ೨೦೨೪ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮುದ್ರೆ ದೊರೆಯಿತು.

ಇವರೆಲ್ಲ ದೊಡ್ಡವರು, ಹವ್ಯಾಸಿಗಳಿಗೂ ಇವರಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಾಂಗ್ಲಿಯಲ್ಲಿ ಕೃಷ್ಣಾಜಿ ಬಲ್ಲಾಳ ದೇವಲರೆಂಬವರಿದ್ದರು. ಅವರ ಉದ್ಯೋಗ ಡೆಪ್ಯುಟಿ ಕಲೆಕ್ಟರರದು. ನಮ್ಮ ಸಂಗೀತದ ಇಪ್ಪತ್ತೆರಡು ಶ್ರುತಿಗಳನ್ನು ಅಳೆದು ೧೯೧೦ರಲ್ಲಿ ಒಂದು ಗ್ರಂಥ ಪ್ರಕಟಿಸಿದರು, ಆ ಶ್ರುತಿಗಳನ್ನೆಲ್ಲ ನುಡಿಸುವ ಒಂದು ಪೇಟಿಯನ್ನೂ ಮಾಡಿಸಿದರು. ಅಬ್ದುಲ್ ಕರೀಂ ಖಾನರೇ ಅವರ ಪ್ರಯೋಗಗಳಿಗೆ ಕಂಠವನ್ನು ಒದಗಿಸಿದರು. ಕಚೇರಿಯ ಕಾಗದ ಮುಗಿಸಿ ಸ್ವರ ಅಳೆಯಲು ಕೂಡುತ್ತಿದ್ದ ಆ ಗೃಹಸ್ಥರನ್ನು ನೆನೆದಾಗಲೆಲ್ಲ ನಮಗೆ ಧೈರ್ಯ ಬರುತ್ತದೆ.

ಪೇಟಿಯ ಮಾತು ಬಂದುದರಿಂದ ಅದರ ಮರ್ಯಾದೆಯ ಕಥೆಯನ್ನೂ ಹೇಳಬೇಕು. ಅದು ಫ್ರಾನ್ಸಿನಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ಕೈಯಿಂದ ತಿದಿಯೊತ್ತುವ ರೂಪ ತಾಳಿ, ನಮ್ಮ ನಾಟಕ ಕಂಪನಿಗಳ ಮೂಲಕ ಹಳ್ಳಿಗೆ ಬಂದ ವಾದ್ಯ. ಅದರ ಒಂದೊಂದು ಮನೆಗೆ ಒಂದೇ ಸ್ವರ. ಒಂದರಿಂದ ಇನ್ನೊಂದಕ್ಕೆ ಜಾರುವ ಮೀಂಡ ಅದರಲ್ಲಿ ಬಾರದು. ಈ ಕಾರಣದಿಂದ ರವೀಂದ್ರನಾಥ ಠಾಕೂರರಂಥವರು ಅದನ್ನು ಒಪ್ಪಲಿಲ್ಲ. ೧೯೪೦ರಲ್ಲಿ ಆಕಾಶವಾಣಿಯಿಂದ ಪೇಟಿಗೆ ಬಹಿಷ್ಕಾರವಾಯಿತು, ೧೯೭೧ರವರೆಗೆ ಅದು ತೆರವಾಗಲಿಲ್ಲ. ಮೂವತ್ತು ವರ್ಷ ರೇಡಿಯೊದ ಬಾಗಿಲು ಮುಚ್ಚಿದ್ದ ವಾದ್ಯಕ್ಕೆ ಹಳ್ಳಿಯ ಗುಡಿಯ ಬಾಗಿಲು ಒಂದು ದಿನವೂ ಮುಚ್ಚಲಿಲ್ಲ. ಹಾಡುವವರ ಗಂಟಲು ಕೆಟ್ಟಿರಲಿ, ಹಿಂದೆ ಹೇಳುವವರು ನಾಲ್ಕು ಜನ ನಾಲ್ಕು ದಿಕ್ಕಿಗೆ ಹೋಗಿರಲಿ, ಎಲ್ಲರನ್ನೂ ಒಂದು ಸ್ವರಕ್ಕೆ ಎಳೆದು ತರುವ ಶಕ್ತಿ ಅದಕ್ಕಿದೆ. ವಿದ್ವಾಂಸರ ಆಕ್ಷೇಪಣೆ ಸತ್ಯ; ನಮ್ಮ ಅನುಭವವೂ ಸತ್ಯ.

ಭೀಮಸೇನ ಜೋಶಿಯವರ ಬಾಲ್ಯದ ಒಂದು ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಅವರ ತಂದೆ ಶಾಲಾ ಮಾಸ್ತರರು. ಬೀದಿಯಲ್ಲಿ ವಾದ್ಯಮೇಳ ಹೋದರೆ ಹುಡುಗ ಅದರ ಹಿಂದೆಯೇ ನಡೆದುಬಿಡುತ್ತಿದ್ದ. ದಣಿದು ಎಲ್ಲಿಯೋ ಮಲಗುತ್ತಿದ್ದ. ಹುಡುಕಿ ಸಾಕಾದ ತಂದೆ, ಇವನು ಜೋಶಿ ಮಾಸ್ತರರ ಮಗನೆಂದು ಅಂಗಿಗಳ ಮೇಲೆಲ್ಲ ಬರೆಸಿದರಂತೆ. ಹನ್ನೊಂದು ವರ್ಷಕ್ಕೆ ಆ ಹುಡುಗ ಗುರುವನ್ನರಸಿ ಮನೆ ಬಿಟ್ಟೇ ಹೋದ. ಪಾಲಕರು ಹೆದರಬಾರದು, ನಾವು ಯಾರನ್ನೂ ಮನೆ ಬಿಟ್ಟು ಹೋಗಲು ಹೇಳುತ್ತಿಲ್ಲ. ಆದರೆ ಆ ತಂದೆ ಅಂಗಿಯ ಮೇಲೆ ಹೆಸರು ಬರೆಸಿದರೇ ಹೊರತು ಬಾಗಿಲಿಗೆ ಅಗುಳಿ ಹಾಕಲಿಲ್ಲ ಎಂಬುದನ್ನು, ನಾವೂ ಮಾಸ್ತರರಾದುದರಿಂದ, ಆಗಾಗ ಚಿಂತಿಸುತ್ತೇವೆ. ಏಕೆಂದರೆ ನಾವು ಅಗುಳಿ ಹಾಕಿದವರು.

ಮೂರು ವರ್ಷದ ಹಿಂದಿನ ಮಾತು. ಹತ್ತನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿ ಮೇಳದಲ್ಲಿ ತಬಲಾ ಡಗ್ಗಾ ಬಾರಿಸುತ್ತಿದ್ದ. ಅವನ ಅಜ್ಜನೇ ಮೇಳದಲ್ಲಿ ಮೊದಲು ಹೇಳುವವರು. ನೂರಾರು ತತ್ವಪದಗಳು ಅವರ ಬಾಯಲ್ಲಿದ್ದವು. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯಲ್ಲಿ ಅವರು ದನಿಯೆತ್ತಿದರೆ ಅಂಗಡಿಯವರು ಕೂಡ ತಕ್ಕಡಿ ಹಿಡಿದ ಕೈ ನಿಲ್ಲಿಸುತ್ತಿದ್ದರು. ದೀಪಾವಳಿಯ ಪರೀಕ್ಷೆಯಲ್ಲಿ ಹುಡುಗನ ಗುಣಗಳು ಇಳಿದವು. ತಂದೆ ಬಂದು ಕಣ್ಣೀರು ಹಾಕಿದರು. ಹುಡುಗನನ್ನು ಕರೆಸಿ ನಾವು, "ಪರೀಕ್ಷೆ ಮುಗಿಯುವವರೆಗೆ ಡಗ್ಗಾ ಮುಟ್ಟಕೂಡದು" ಎಂದು ಆಜ್ಞೆ ಮಾಡಿದೆವು. ಅವನು ಎದುರು ಮಾತಾಡಲಿಲ್ಲ. ಮಾರನೆಯ ಸೋಮವಾರ ನಾವು ಮಾತ್ರ ಎಂದಿನಂತೆ ಹೋಗಿ ಪೇಟಿಯ ಮುಂದೆ ಕುಳಿತೆವು!

ಫೆಬ್ರುವರಿಯಲ್ಲಿ ಅಜ್ಜ ತೀರಿಕೊಂಡರು. ನಮ್ಮ ಕಡೆಯ ಪದ್ಧತಿ ನಿಮಗೆ ತಿಳಿದೇ ಇದೆ. ಸಂಜೆಯ ಮೇಲೆ ಸಾವಾದರೆ ಬೆಳಗಿನವರೆಗೆ ಶವದ ಮುಂದೆ ಭಜನಿ ನಡೆಯಲೇಬೇಕು. ಅದಕ್ಕೆ ಕರೆಯೋಲೆ ಇಲ್ಲ, ವೀಳ್ಯವಿಲ್ಲ. ಮದುವೆಗೆ ಬಾರದಿದ್ದರೆ ನಡೆದೀತು, ಆ ರಾತ್ರಿಗೆ ತಪ್ಪಿಸಿಕೊಂಡವನನ್ನು ಮೇಳದವನೆಂದು ಯಾರೂ ಕರೆಯುವುದಿಲ್ಲ. ನಾವೆಲ್ಲ ಕೂಡಿದೆವು. ಡಗ್ಗಾಕ್ಕೆ ಪಕ್ಕದ ಊರಿನವರೊಬ್ಬರು ಬಂದರು; ಭಜನಿ ಠೇಕಾ ಅವರಿಗೆ ಬರುತ್ತಿದ್ದರೂ ಅಜ್ಜನ ಪದಗಳ ನಡೆ ತಿಳಿದಿರಲಿಲ್ಲ. ಪದ ಒಂದು ಕಡೆ, ತಾಳ ಒಂದು ಕಡೆ. ಹುಡುಗ ಅಜ್ಜನ ಕಾಲಬಳಿ ಗೋಡೆಗೆ ಒರಗಿ ಕುಳಿತಿದ್ದ. ಅವನ ಬೆರಳುಗಳು ತೊಡೆಯ ಮೇಲೆ ಸರಿಯಾದ ಠೇಕಾವನ್ನು ಹಾಕುತ್ತಿದ್ದುದನ್ನು ನಾವು ಕಂಡೆವು. ಅವನು ಒಮ್ಮೆ ನಮ್ಮ ಮುಖ ನೋಡಿದ. ನಾವು ಪೇಟಿಯ ಮೇಲೆ ದೃಷ್ಟಿಯಿಟ್ಟೆವು. ಒಂದು ಸಲ ಆಡಿದ ಮಾತನ್ನು ಊರಿನವರ ಮುಂದೆ ಹಿಂತೆಗೆದುಕೊಳ್ಳುವುದು ಹೇಗೆಂಬ ಅಹಂಕಾರವಲ್ಲದೆ ಅದು ಬೇರೇನೂ ಆಗಿರಲಿಲ್ಲ. ಹೀಗೆ ಎರಡು ತಾಸು ಕಳೆದವು. ನಡುರಾತ್ರಿ ದಾಟಿದ ಮೇಲೆ ನಾವು ಪೇಟಿ ನಿಲ್ಲಿಸಿ, "ಬಾರಪ್ಪಾ, ಕೂಡು" ಎಂದೆವು. ಬಂದು ಕುಳಿತ. ಬೆಳಗಿನ ಭೈರವಿಯವರೆಗೆ ಅವನು ಏಳಲಿಲ್ಲ. ಆ ಎರಡು ತಾಸುಗಳನ್ನು ಅವನಿಗೆ ಮರಳಿ ಕೊಡುವ ಉಪಾಯ ನಮ್ಮಲ್ಲಿಲ್ಲ. ಮಾರ್ಚಿನಲ್ಲಿ ಪರೀಕ್ಷೆಗೆ ಕುಳಿತು ಪಾಸಾದ. ಬಹಳ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಈಗ ಮಿರಜಿನಲ್ಲಿ ಓದುತ್ತಿದ್ದಾನೆ.

ಅಜ್ಜನ ಮನೆಯವರು ಅವರ ಪದಗಳ ಮೂರು ವಹಿಗಳನ್ನು ಮೇಳಕ್ಕೆ ಕೊಟ್ಟರು. ತೆರೆದು ನೋಡಿದರೆ ಪದಗಳೆಲ್ಲ ಕನ್ನಡ, ಅಕ್ಷರಗಳೆಲ್ಲ ಮರಾಠಿಯವು. ಅಜ್ಜ ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿ ಕಲಿತವರು. ಕನ್ನಡ ಲಿಪಿ ಅವರಿಗೆ ಬಾರದು. ಬಾಯಲ್ಲಿ ಒಂದು, ಕೈಯಲ್ಲಿ ಒಂದು, ಇದು ನಮ್ಮ ಸೀಮೆಯ ಅನೇಕ ಹಿರಿಯರ ಸ್ಥಿತಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಇದೇ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರಾದ ಗುರುದೇವ ರಾನಡೆಯವರು ಅಲಹಾಬಾದಿನ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಬೋಧಿಸಿದವರು. ಇಂಥ ಕನ್ನಡ ಪದಗಳನ್ನೇ ಕುರಿತು ಅವರು ಮಾಡಿದ ಉಪನ್ಯಾಸಗಳು ೧೯೬೦ರಲ್ಲಿ ಗ್ರಂಥವಾಗಿ ಬಂದವು. ಗುಡಿಯ ಕಟ್ಟೆಯ ಮೇಲಿನ ಹಾಡು ಅಷ್ಟು ದೂರ ಹೋಗಬಲ್ಲುದು.

ಕಳೆದ ದೀಪಾವಳಿಯಿಂದ ಎಂಟನೆಯ ಇಯತ್ತೆಯ ಮಕ್ಕಳು ಆ ವಹಿಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದಾರೆ. ಸುಲಭವೆಂದು ತಿಳಿದಿದ್ದೆವು. ಮೊದಲ ವಾರದಲ್ಲಿಯೇ ಗಾಡಿ ಹೂತಿತು. ಕನ್ನಡದಲ್ಲಿ ಎ ಮತ್ತು ಏ ಬೇರೆ, ಒ ಮತ್ತು ಓ ಬೇರೆ. ಮರಾಠಿಯ ಬರಹದಲ್ಲಿ ಈ ಹ್ರಸ್ವ ದೀರ್ಘಗಳ ಭೇದವಿಲ್ಲ. ಬೆಳೆಯೂ ಬೇಳೆಯೂ ಅಲ್ಲಿ ಒಂದೇ ಬಗೆಯಾಗಿ ಬರೆಯಲ್ಪಡುತ್ತವೆ. ಒಂದು ಪದದಲ್ಲಿ, ಗುರುವು ತನ್ನದೇನನ್ನೋ ಮರೆಯಬಾರದೆಂದು ಭಕ್ತನು ಬೇಡುತ್ತಾನೆ. ಅದು ಅವನ ಮೊರೆಯೋ, ಮೋರೆಯೋ? ಮೊರೆಯೆಂದರೆ ದೈನ್ಯದ ಕೂಗು, ಮೋರೆಯೆಂದರೆ ಮುಖ. ಎರಡೂ ಅರ್ಥಕ್ಕೆ ಹೊಂದುತ್ತವೆ. ತರಗತಿಯಲ್ಲಿ ಎರಡು ಪಕ್ಷಗಳಾದವು. ನಾವು ಬಿ. ಎ., ಬಿ. ಟಿ. ಮಾಡಿದವರು ನಿಘಂಟು ತೆರೆದು ಕುಳಿತೆವು. ನಿಘಂಟಿನಲ್ಲಿ ಎರಡೂ ಇದ್ದವು. ವರ್ಷಗಟ್ಟಲೆ ಆ ಪದಕ್ಕೆ ಪೇಟಿ ಬಾರಿಸಿದ್ದೇವೆ, ಆದರೆ ನಮ್ಮ ಕಿವಿ ಸ್ವರದ ಮೇಲಿತ್ತು, ಅಕ್ಷರದ ಮೇಲಿರಲಿಲ್ಲ. ಹಿಂದೆ ಹೇಳುವವರಲ್ಲಿ ಇಬ್ಬರು ಮೊರೆ ಎಂದರು, ಒಬ್ಬರು ಮೋರೆ ಎಂದರು.

ರಜೆಗೆ ಬಂದಿದ್ದ ಆ ಹುಡುಗನನ್ನು ಶಾಲೆಗೆ ಕರೆಸಿದೆವು. ಅವನು ವಹಿ ನೋಡಲೇ ಇಲ್ಲ. ಕಣ್ಣು ಮುಚ್ಚಿ ಬಾಕಿನ ಮೇಲೆ ಬೆರಳುಗಳಿಂದ ಠೇಕಾ ಹಾಕುತ್ತ, ಸಾಲನ್ನು ಬಾಯಲ್ಲಿಯೇ ಗುನುಗಿ, ಒಂದೆಡೆ ನಿಲ್ಲಿಸಿದ. "ಇಲ್ಲಿ ಅಜ್ಜ ನಿಲ್ಲತಿದ್ದಿಲ್ರಿ ಸರ್. ಅಕ್ಷರ ಮುಟ್ಟಿ ಬಿಟ್ಟು ಹೋಗತಿದ್ದ, ಮುಂದಿಂದಕ್ಕ ಸಮ ಬರ್ತಿತ್ತು" ಎಂದ. ದೀರ್ಘವಾಗಿದ್ದರೆ ಸಮ ತಪ್ಪುತ್ತಿತ್ತು. ಮಕ್ಕಳು ವಹಿಯಲ್ಲಿ 'ಮೊರೆ' ಎಂದು ಬರೆದುಕೊಂಡರು.

ದೂರು ತಂದ ಪಾಲಕರಿಗೆ ನಮ್ಮ ಉತ್ತರ ಇಷ್ಟು. ಜನವರಿಯಿಂದ ಪರೀಕ್ಷೆಯವರೆಗೆ ವಿದ್ಯಾರ್ಥಿಗಳು ಒಂಬತ್ತೂವರೆಗೆ ಮೇಳದಿಂದ ಎದ್ದು ಮನೆಗೆ ಹೋಗತಕ್ಕದ್ದು. ನಾವೇ ಗಡಿಯಾರ ನೋಡಿ ಎಬ್ಬಿಸುತ್ತೇವೆ. ಸಾವಿನ ಮನೆಯ ರಾತ್ರಿಗೆ ಈ ನಿಯಮವಿಲ್ಲ. ಬರಬೇಡವೆಂದು ಮಾತ್ರ ಇನ್ನು ಯಾರಿಗೂ ಹೇಳಲಾರೆವು.

ಮೊದಲನೆಯ ವಹಿ ಮುಗಿದಿದೆ. ಅದರಲ್ಲಿ ಇನ್ನೂ ಹನ್ನೊಂದು ಶಬ್ದಗಳು ತೀರ್ಮಾನವಾಗದೆ ಉಳಿದಿವೆ. ಅವುಗಳ ಪಟ್ಟಿಯನ್ನು ಕಚೇರಿಯ ಹೊರಗೋಡೆಗೆ ಅಂಟಿಸಿದ್ದೇವೆ. ನಿಮ್ಮ ಮನೆಗಳಲ್ಲಿ ಅಜ್ಜನ ಸಂಗಡ ಹಾಡಿದ ಮುದುಕರಿದ್ದಾರೆ, ಬೀಸುವಾಗ ಆ ಪದಗಳನ್ನೇ ಹಾಡಿದ ಮುದುಕಿಯರಿದ್ದಾರೆ. ಅವರಿಗೆ ಓದಿ ಹೇಳಿರಿ. ನಡೆಯಲಾಗದವರಿದ್ದರೆ ತಿಳಿಸಿರಿ, ಪೇಟಿ ಹೊತ್ತುಕೊಂಡು ನಾವೇ ಬರುತ್ತೇವೆ.