ಅಪ್‌ಡೇಟ್ ಯಾಕೆ ಅರ್ಧಕ್ಕೇ ನಿಲ್ಲುತ್ತದೆ?

ಮನೆಯಲ್ಲಿ ಯಾರ ಫೋನಿನಲ್ಲಾದರೂ ‘ಅಪ್‌ಡೇಟ್ ವಿಫಲವಾಗಿದೆ’ ಎಂಬ ಸಾಲು ಕಾಣಿಸಿಕೊಂಡರೆ ಮೊದಲು ಕೂಗು ಬರುವುದು ನಿಮಗೇ, ಅಲ್ಲವೇ? ‘ಪುಟ್ಟೀ, ಇಲ್ಲಿ ಏನೋ ಬಂದಿದೆ ನೋಡೇ’ ಎಂದು ಅಜ್ಜಿ ಫೋನನ್ನು ನಿಮ್ಮ ಕೈಗಿಡುತ್ತಾರೆ. ನೀವು ‘ಮತ್ತೆ ಪ್ರಯತ್ನಿಸಿ’ ಎಂಬಲ್ಲಿ ಒತ್ತುತ್ತೀರಿ. ಗೆರೆ ನಿಧಾನವಾಗಿ ತುಂಬುತ್ತಾ ಅರ್ಧ ದಾಟುತ್ತದೆ. ಆಮೇಲೆ ಮತ್ತೆ ಅದೇ ಸಾಲು. ಇನ್ನೊಮ್ಮೆ ಒತ್ತುವ ಮೊದಲು ಸ್ವಲ್ಪ ತಡೆಯಿರಿ. ಆ ಒಂದು ಸಾಲನ್ನು ತೋರಿಸುವ ಮೊದಲು ಫೋನು ತನ್ನೊಳಗೆ ಎಷ್ಟೋ ಪರೀಕ್ಷೆಗಳನ್ನು ಮಾಡಿಕೊಂಡಿರುತ್ತದೆ. ಅವು ಯಾವುವು ಎಂದು ಗೊತ್ತಾದರೆ ಎಡವಟ್ಟಾದದ್ದು ಎಲ್ಲಿ ಎಂದು ನೀವೇ ಹುಡುಕಬಹುದು.

ಫೋನನ್ನು ನಡೆಸುವುದು ಅದರೊಳಗಿನ ಕಾರ್ಯಾಚರಣೆ ವ್ಯವಸ್ಥೆ. ಆಂಡ್ರಾಯ್ಡ್, ಐಒಎಸ್ ಎಂಬ ಹೆಸರುಗಳನ್ನು ನೀವು ಕೇಳಿದ್ದೀರಿ. ಕೋಟಿಗಟ್ಟಲೆ ಸಾಲುಗಳ ಸೂಚನೆಗಳನ್ನು ಸಾವಿರಾರು ಜನ ಸೇರಿ ಬರೆದಾಗ ತಪ್ಪುಗಳು ಉಳಿದೇ ಉಳಿಯುತ್ತವೆ. ಕೆಲವು ತಪ್ಪುಗಳ ಮೂಲಕ ಕಳ್ಳರು ಫೋನಿನೊಳಗೆ ನುಗ್ಗಬಹುದು. ಅಂಥವನ್ನು ಕಂಡುಹಿಡಿದು ತಿದ್ದಿ ಕಳಿಸುವುದೇ ಅಪ್‌ಡೇಟಿನ ಮುಖ್ಯ ಕೆಲಸ. ಆಂಡ್ರಾಯ್ಡ್‌ಗೆ ಸಂಬಂಧಿಸಿದ ಭದ್ರತಾ ತಿದ್ದುಪಡಿಗಳ ಪಟ್ಟಿಯನ್ನು ಗೂಗಲ್ 2015ರಿಂದ ತಿಂಗಳು ತಿಂಗಳೂ ಪ್ರಕಟಿಸುತ್ತಾ ಬಂದಿದೆ. ಆದ್ದರಿಂದ ಅಪ್‌ಡೇಟ್ ಆಗಲಿಲ್ಲ ಎಂದರೆ ‘ಹೋಗಲಿ ಬಿಡು’ ಎನ್ನುವಂತಿಲ್ಲ.

ಮೊದಲು ಅಪ್‌ಡೇಟ್ ನಿಮ್ಮ ಫೋನಿಗೆ ಬಂದು ಸೇರಬೇಕು. ಒಂದು ಜಿಬಿ ಗಾತ್ರದ ಕಡತ ಎಂದರೆ ಸುಮಾರು 800 ಕೋಟಿ ಬಿಟ್‌ಗಳು. ಒಂದೊಂದು ಬಿಟ್ಟೂ 0 ಅಥವಾ 1. ಅಷ್ಟನ್ನೂ ಸಣ್ಣ ಸಣ್ಣ ಕಟ್ಟುಗಳಾಗಿ ಮಾಡಿ ಕಳಿಸುತ್ತಾರೆ. ದಾರಿಯಲ್ಲಿ ಒಂದು ಕಟ್ಟು ಕಳೆದುಹೋದರೆ ಫೋನು ಅದನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಸಿಗ್ನಲ್ ಪದೇ ಪದೇ ಕಡಿದುಹೋಗುವ ಕಡೆ ಈ ಕೇಳಿ ತರಿಸಿಕೊಳ್ಳುವ ಕೆಲಸವೇ ಮುಗಿಯುವುದಿಲ್ಲ. ಕೊನೆಗೆ ಫೋನು ಕೈಬಿಡುತ್ತದೆ. ಕಾರಣ ಇಷ್ಟೇ ಆಗಿದ್ದರೆ ಉಪಾಯ ಸುಲಭ: ಗಟ್ಟಿ ವೈಫೈ ಇರುವ ಕಡೆ ಹೋಗಿ ಮತ್ತೆ ಶುರುಮಾಡಿ.

ಆದರೆ ಎಲ್ಲ ಬಂದು ಸೇರಿತು ಎಂದುಕೊಳ್ಳಿ. ಬಂದದ್ದು ಕಳಿಸಿದ್ದೇ ಎಂದು ಫೋನಿಗೆ ಹೇಗೆ ಗೊತ್ತಾಗಬೇಕು? 800 ಕೋಟಿ ಬಿಟ್‌ಗಳಲ್ಲಿ ಒಂದೇ ಒಂದು 0 ಹೋಗಿ 1 ಆಗಿದ್ದರೂ ಯಾವುದೋ ಸೂಚನೆ ಬೇರೆಯೇ ಆಗಿಬಿಡಬಹುದು. ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಇದಕ್ಕೆ ಕಂಡುಕೊಂಡ ಉತ್ತರವನ್ನು ನೀವು ಕಾಗದ ಪೆನ್ಸಿಲ್ ಹಿಡಿದು ಮನೆಯಲ್ಲೇ ಮಾಡಿ ನೋಡಬಹುದು.

ಇತ್ತೀಚಿನ ಯಾವುದಾದರೂ ಪುಸ್ತಕ ತೆಗೆದುಕೊಳ್ಳಿ. ಹಿಂಬದಿಯ ರಕ್ಷಾಪುಟದಲ್ಲಿ 13 ಅಂಕಿಗಳ ಐಎಸ್‌ಬಿಎನ್ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಅದು 978ರಿಂದ ಶುರುವಾಗುತ್ತದೆ. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮೂರನೆಯದನ್ನು 1ರಿಂದ, ನಾಲ್ಕನೆಯದನ್ನು 3ರಿಂದ, ಹೀಗೆ ಕೊನೆಯವರೆಗೂ ಗುಣಿಸುತ್ತಾ ಕೂಡಿ. 9, 7, 8ಕ್ಕೆ 9, 21, 8; ಅಲ್ಲಿಗೆ 38 ಆಯಿತು. ಹಾಗೇ ಮುಂದುವರಿಸಿ. ಹದಿಮೂರೂ ಅಂಕಿ ಮುಗಿದಾಗ ಮೊತ್ತದ ಕೊನೆಯಲ್ಲಿ ಸೊನ್ನೆ ಬರಲೇಬೇಕು. ಹಾಗೆ ಬರಲೆಂದೇ ಕೊನೆಯ ಅಂಕಿಯನ್ನು ಲೆಕ್ಕಹಾಕಿ ಇಟ್ಟಿರುತ್ತಾರೆ. ಈಗ ನಡುವಿನ ಯಾವುದಾದರೂ ಒಂದು ಅಂಕಿಯನ್ನು ಬೇಕೆಂದೇ ತಪ್ಪಾಗಿ ಬರೆದು ಮತ್ತೆ ಕೂಡಿ. ಸೊನ್ನೆ ಬರುವುದಿಲ್ಲ. ಯಾವ ಅಂಕಿಯನ್ನು ಹೇಗೆ ಬದಲಿಸಿದರೂ ಬರುವುದಿಲ್ಲ. ಪುಸ್ತಕದಂಗಡಿಯ ಕಂಪ್ಯೂಟರ್ ತಪ್ಪು ಸಂಖ್ಯೆಯನ್ನು ಹಿಡಿಯುವುದು ಹೀಗೆಯೇ.

ಈ ಲೆಕ್ಕಕ್ಕೂ ಒಂದು ಕಣ್ತಪ್ಪು ಇದೆ. ಅಕ್ಕಪಕ್ಕದಲ್ಲಿರುವ 1 ಮತ್ತು 6 ಅದಲುಬದಲಾದರೆ ಮೊತ್ತ ಸರಿಯಾಗಿ 10ರಷ್ಟು ಏರುಪೇರಾಗುತ್ತದೆ, ಕೊನೆಯ ಸೊನ್ನೆ ಹಾಗೇ ಉಳಿಯುತ್ತದೆ. ಪುಸ್ತಕಕ್ಕೆ ಇಷ್ಟು ಕಾವಲು ಸಾಕು, ಫೋನಿಗೆ ಸಾಲದು. ಅದಕ್ಕಾಗಿ ಎಸ್‌ಎಚ್‌ಎ-256ರಂಥ ಬಹಳ ಬಿಗಿಯಾದ ಲೆಕ್ಕಗಳಿವೆ. ಕಡತ ಎಷ್ಟೇ ದೊಡ್ಡದಿರಲಿ, ಅದನ್ನೆಲ್ಲ ಅರೆದು ಅದು 256 ಬಿಟ್‌ಗಳ ಒಂದೇ ಗುರುತನ್ನು ಕೊಡುತ್ತದೆ. ಕಡತದಲ್ಲಿ ಒಂದು ಬಿಟ್ ಬದಲಾದರೂ ಗುರುತಿನ ಹೆಚ್ಚುಕಡಿಮೆ ಅರ್ಧದಷ್ಟು ಬಿಟ್‌ಗಳು ಬದಲಾಗಿಬಿಡುತ್ತವೆ. ಇಂಥ ಗುರುತುಗಳು ಒಟ್ಟು ಎಷ್ಟು ಇರಬಹುದು ಎಂದು ಬರೆಯಹೊರಟರೆ ಆ ಸಂಖ್ಯೆಗೆ 78 ಅಂಕಿಗಳು ಬೇಕು! ಕಳಿಸಿದವರು ಹೇಳಿದ ಗುರುತೂ ಫೋನು ತಾನೇ ಲೆಕ್ಕ ಹಾಕಿದ ಗುರುತೂ ತಾಳೆಯಾಗದಿದ್ದರೆ, ‘ಇದು ನನಗೆ ಬೇಡ’ ಎಂದು ಫೋನು ಆ ಕಡತವನ್ನು ಪಕ್ಕಕ್ಕಿಡುತ್ತದೆ. ಆಗ ಬಂದಿಳಿದ ಕಡತವನ್ನು ಅಳಿಸಿ ಹೊಸದಾಗಿ ತರಿಸಿಕೊಳ್ಳುವುದೇ ಸರಿಯಾದ ದಾರಿ. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಸ್ಟೋರೇಜ್ ಪಟ್ಟಿಯಲ್ಲೇ ಆ ಕಡತ ಕಾಣುತ್ತದೆ, ಅಲ್ಲಿಂದಲೇ ಅಳಿಸಬಹುದು.

ಕಡತದ ಜೊತೆ ಕಂಪನಿಯ ಡಿಜಿಟಲ್ ಸಹಿಯೂ ಬರುತ್ತದೆ. ಸಹಿ ಹಾಕುವ ಗುಟ್ಟಿನ ಕೀಲಿ ಇರುವುದು ಕಂಪನಿಯ ಹತ್ತಿರ ಮಾತ್ರ. ಆ ಸಹಿ ನಿಜವೇ ಎಂದು ಪರೀಕ್ಷಿಸುವ ಕೀಲಿ ಪ್ರತಿ ಫೋನಿನಲ್ಲೂ ಇರುತ್ತದೆ. ವಾಟ್ಸಾಪ್‌ನಲ್ಲಿ ‘ಇಲ್ಲಿ ಒತ್ತಿ, ಫೋನ್ ಅಪ್‌ಡೇಟ್ ಮಾಡಿ’ ಎಂದು ಯಾರೋ ಕಳಿಸುವ ಕೊಂಡಿಗೆ ಇಂಥ ಸಹಿ ಇರುವುದಿಲ್ಲ. ಅದನ್ನು ಮುಟ್ಟಲೇಬೇಡಿ. ಫೋನಿನ ಅಪ್‌ಡೇಟನ್ನು ಹುಡುಕಬೇಕಾದದ್ದು ಸೆಟ್ಟಿಂಗ್ಸ್‌ನ ಒಳಗೆ.

ಇನ್ನೊಂದು ವಿಚಿತ್ರ ಕಾರಣವಿದೆ, ದೊಡ್ಡವರಿಗೂ ಇದು ಬೇಗ ಹೊಳೆಯುವುದಿಲ್ಲ. ಅದು ತಾರೀಖು. ಫೋನು ಕಂಪನಿಯ ಸರ್ವರ್ ಜೊತೆ ಮಾತಾಡುವ ಮೊದಲು ಅದರ ಪ್ರಮಾಣಪತ್ರ ನೋಡುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಬರೆದಿರುತ್ತದೆ. ಫೋನಿನ ತಾರೀಖೇ ತಪ್ಪಿದ್ದರೆ ಒಳ್ಳೆಯ ಪ್ರಮಾಣಪತ್ರವೂ ಅದರ ಕಣ್ಣಿಗೆ ಸುಳ್ಳಾಗಿ ಕಾಣುತ್ತದೆ. ಬ್ಯಾಟರಿ ಪೂರ್ತಿ ಇಳಿದು ಬಹಳ ದಿನ ಬಿದ್ದಿದ್ದ ಫೋನನ್ನು ಚಾಲೂ ಮಾಡಿದಾಗ ಕೆಲವೊಮ್ಮೆ 1970ರ ಜನವರಿ 1 ಎಂದು ತೋರಿಸುತ್ತದೆ. ಕಂಪ್ಯೂಟರುಗಳು ಕಾಲವನ್ನು ಎಣಿಸಲು ಆರಂಭವೆಂದು ಇಟ್ಟುಕೊಂಡಿರುವ ದಿನ ಅದು. ಲಂಡನ್ನಿನ ಗ್ರೀನಿಚ್ ಲೆಕ್ಕದಲ್ಲಿ ಅಂದಿನ ನಡುರಾತ್ರಿ ನಮ್ಮಲ್ಲಿ ಬೆಳಗಿನ ಐದೂವರೆ. ಹಾಗಾಗಿ ನಮ್ಮ ದೇಶದ ಸಮಯಕ್ಕೆ ಹೊಂದಿಸಿದ ಫೋನು 5:30 ತೋರಿಸುತ್ತದೆ. ತಾರೀಖು ಮತ್ತು ಸಮಯವನ್ನು ನೆಟ್‌ವರ್ಕ್‌ನಿಂದ ತಾನಾಗಿ ತೆಗೆದುಕೊಳ್ಳುವಂತೆ ಮಾಡಿದರೆ ಮುಗಿಯಿತು.

ನಮ್ಮ ಮನೆಗಳ ಫೋನುಗಳಲ್ಲಿ ಅತಿ ಹೆಚ್ಚು ಕಾಡುವುದು ಜಾಗದ ಕೊರತೆ ಎಂದು ನನ್ನ ಎಣಿಕೆ. ಬೆಳಿಗ್ಗೆ ಎದ್ದರೆ ಹೂವಿನ ಮೇಲೆ ‘ಶುಭೋದಯ’ ಬರೆದ ಚಿತ್ರಗಳು, ಮದುವೆಯ ವೀಡಿಯೊ, ಅದೇ ವೀಡಿಯೊ ಮತ್ತೊಂದು ಗುಂಪಿನಿಂದ! ಅಪ್‌ಡೇಟಿಗೆ ಬೇಕಾದ ಜಾಗ ಅದರ ಗಾತ್ರಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಬಂದ ಕಡತವನ್ನು ಇಡಬೇಕು, ಅದನ್ನು ಬಿಡಿಸಬೇಕು, ಬಿಡಿಸಿದ್ದನ್ನು ಹಳೆಯದರೊಂದಿಗೆ ಸೇರಿಸಿ ಹೊಸದನ್ನು ಕಟ್ಟಬೇಕು.

ಜಾಗ ತುಂಬಿದರೆ ಎಂಥ ಯಂತ್ರವೂ ಕಂಗೆಡುತ್ತದೆ ಎಂಬುದಕ್ಕೆ ಮಂಗಳ ಗ್ರಹದಲ್ಲಿ ನಡೆದ ಒಂದು ನಿಜ ಘಟನೆಯಿದೆ. ನಾಸಾದ ‘ಸ್ಪಿರಿಟ್’ ಎಂಬ ಆರು ಚಕ್ರದ ಗಾಡಿ 2004ರ ಜನವರಿ 4ರಂದು ಅಲ್ಲಿ ಇಳಿಯಿತು. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಜನವರಿ 21ರಂದು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು. ಆಗ ಆಸ್ಟ್ರೇಲಿಯಾದ ಕ್ಯಾನ್ಬೆರಾ ಬಳಿಯ ಆಂಟೆನಾದ ಸುತ್ತ ಗುಡುಗು ಮಳೆ. ಮಳೆಯಿಂದಲೇ ಸಂಕೇತ ತಲುಪಿಲ್ಲ ಎಂದು ಎಂಜಿನಿಯರುಗಳು ಮೊದಲು ಎಣಿಸಿದರು. ಮಳೆ ನಿಂತಿತು, ಗಾಡಿ ಮಾತ್ರ ಸರಿಹೋಗಲಿಲ್ಲ. ಆಮೇಲೆ ತಿಳಿದದ್ದು ಇದು: ಗಾಡಿಯ ಕಂಪ್ಯೂಟರು ತಾನೇ ಆರಿ, ತಾನೇ ಚಾಲೂ ಆಗಿ, ಮತ್ತೆ ಆರಿ, ಹೀಗೆ ಸುತ್ತುತ್ತಲೇ ಇತ್ತು. ರಾತ್ರಿ ಮಲಗಬೇಕಾದ ಯಂತ್ರ ಎಚ್ಚರವಾಗಿಯೇ ಇದ್ದು ಬ್ಯಾಟರಿಯನ್ನು ಖಾಲಿ ಮಾಡಿಕೊಳ್ಳುತ್ತಿತ್ತು.

ಕಾರಣ ಅದರ ಫ್ಲ್ಯಾಶ್ ಮೆಮೊರಿಯಲ್ಲಿತ್ತು. ಇದ್ದದ್ದೇ 256 ಎಂಬಿ. ಅದರಲ್ಲಿ ಭೂಮಿಯಿಂದ ಹೊರಟು ಏಳು ತಿಂಗಳು ಪ್ರಯಾಣ ಮಾಡಿದಾಗಿನ ಹಳೆಯ ಕಡತಗಳು ಹಾಗೇ ಉಳಿದಿದ್ದವು. ಮಂಗಳದಲ್ಲಿ ತೆಗೆದ ಹೊಸ ಕಡತಗಳೂ ಸೇರಿದವು. ಪ್ರತಿ ಸಲ ಚಾಲೂ ಆಗುವಾಗ ಅಷ್ಟೂ ಕಡತಗಳ ಪಟ್ಟಿಯನ್ನು ತೆರೆಯಹೋಗಿ ಕಂಪ್ಯೂಟರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಸಂಕೇತ ಹೋಗಿ ಮುಟ್ಟಲು ಸುಮಾರು 10 ನಿಮಿಷ, ಉತ್ತರ ಬರಲು ಮತ್ತೆ ಅಷ್ಟೇ. ಅಷ್ಟು ದೂರದಿಂದ ಎಂಜಿನಿಯರುಗಳು ‘ಫ್ಲ್ಯಾಶ್ ಮೆಮೊರಿಯನ್ನು ಮುಟ್ಟದೆ ಚಾಲೂ ಆಗು’ ಎಂದು ಆದೇಶ ಕಳಿಸಿದರು. ಗಾಡಿ ಕೇಳಿತು! ಆಮೇಲೆ ಬೇಡದ ಕಡತಗಳನ್ನು ಅಳಿಸಿ, ಮೆಮೊರಿಯನ್ನು ಹೊಸದಾಗಿ ಸಿದ್ಧಮಾಡಿ, ಫೆಬ್ರವರಿಯಲ್ಲಿ ಅದನ್ನು ಮತ್ತೆ ಕೆಲಸಕ್ಕೆ ಹಚ್ಚಿದರು. 90 ಮಂಗಳ ದಿನಗಳಿಗೆಂದು ಕಳಿಸಿದ್ದ ಸ್ಪಿರಿಟ್‌ನಿಂದ ಕೊನೆಯ ಸಂದೇಶ ಬಂದದ್ದು 2010ರ ಮಾರ್ಚ್ 22ರಂದು. ಆ ಎಂಜಿನಿಯರುಗಳು ಗಾಬರಿಯಲ್ಲಿ ಕಂಡಕಂಡ ಆದೇಶವನ್ನೆಲ್ಲ ಒಟ್ಟಿಗೆ ಕಳಿಸಲಿಲ್ಲ. ಒಂದು ಊಹೆ ಮಾಡಿದರು, ಅದಕ್ಕೆ ತಕ್ಕ ಒಂದು ಆದೇಶ ಕೊಟ್ಟರು, ಏನಾಯಿತೆಂದು ಕಾದು ನೋಡಿದರು. ನನಗೆ ಅವರ ಮೇಲೆ ಗೌರವ ಹುಟ್ಟುವುದು ಇದಕ್ಕೇ.

ಬ್ಯಾಟರಿಯ ವಿಷಯಕ್ಕೆ ಬರೋಣ. ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದೆಂದರೆ ಕೋಟ್ಯಂತರ ಪುಟ್ಟ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಹಿಡಿದಿಡುವುದು. ಅಳಿಸುವಾಗ ಒಂದೊಂದೇ ಬಿಟ್ ಅಳಿಸಲು ಬರುವುದಿಲ್ಲ, ದೊಡ್ಡದೊಂದು ತುಂಡನ್ನೇ ಒಟ್ಟಿಗೆ ಅಳಿಸಬೇಕು. ಆ ಹೊತ್ತಿನಲ್ಲಿ ವಿದ್ಯುತ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬಂತಾಗುತ್ತದೆ. ಜೂನ್ ತಿಂಗಳಲ್ಲಿ ಹಂಚಿನ ಮನೆಯ ಮಾಡು ಬಿಚ್ಚಿಟ್ಟಾಗಲೇ ಮಳೆ ಹೊಡೆದಂತೆ. ಚಾರ್ಜ್ ಕಡಿಮೆಯಿದ್ದಾಗ ಫೋನುಗಳು ಅಪ್‌ಡೇಟ್ ಶುರುಮಾಡಲು ಒಪ್ಪದಿರುವುದು ಇದಕ್ಕೇ.

2016ರಲ್ಲಿ ಬಂದ ಆಂಡ್ರಾಯ್ಡ್ 7ರಲ್ಲಿ ಇದಕ್ಕೊಂದು ಸೊಗಸಾದ ಉಪಾಯ ಸೇರಿತು. ವ್ಯವಸ್ಥೆಯನ್ನು ಇಡಲು ಎ, ಬಿ ಎಂದು ಎರಡು ಜಾಗ. ನೀವು ಎ ಬಳಸುತ್ತಿರುವಾಗ ಹೊಸದು ಸದ್ದಿಲ್ಲದೆ ಬಿಯಲ್ಲಿ ಸಿದ್ಧವಾಗುತ್ತದೆ. ರೀಸ್ಟಾರ್ಟ್ ಮಾಡಿದಾಗ ಫೋನು ಬಿಯಿಂದ ಏಳಲು ನೋಡುತ್ತದೆ. ಕೆಲವು ಸಲ ಪ್ರಯತ್ನಿಸಿಯೂ ಏಳಲಾಗದಿದ್ದರೆ ಮತ್ತೆ ಎಗೆ ಮರಳುತ್ತದೆ. ಅಜ್ಜಿಯ ಫೋನಿನಲ್ಲಿ ಇಂಥ ಏರ್ಪಾಡು ಇದ್ದು, ‘ವಿಫಲವಾಗಿದೆ’ ಎಂದು ಹೇಳಿಯೂ ಅದು ಎಂದಿನಂತೆ ಕರೆ ಮಾಡುತ್ತಿದ್ದರೆ, ಈ ಉಪಾಯ ತನ್ನ ಕೆಲಸ ಮಾಡಿದೆ ಎಂದು ತಿಳಿಯಿರಿ.

ಈಗ ಅಜ್ಜಿಯ ಫೋನನ್ನು ಕೈಗೆತ್ತಿಕೊಳ್ಳಿ. ಪರದೆಯ ಮೇಲಿನ ಸಂದೇಶವನ್ನು, ಅದರಲ್ಲಿ ಸಂಖ್ಯೆಯಿದ್ದರೆ ಅದನ್ನೂ, ಒಂದಕ್ಷರ ಬಿಡದೆ ಪುಸ್ತಕದಲ್ಲಿ ಬರೆದುಕೊಳ್ಳಿ. ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಯಾವುದೋ ಪ್ರೋಗ್ರಾಮ್ ಒಳಗೆ ಸಿಕ್ಕಿಹಾಕಿಕೊಂಡಿದ್ದರೆ ಅಷ್ಟಕ್ಕೇ ಬಿಡಿಸಿಕೊಳ್ಳುತ್ತದೆ. ಆಗಲಿಲ್ಲವೇ? ತಾರೀಖು ನೋಡಿ. ಆಮೇಲೆ ಸಿಗ್ನಲ್, ಆಮೇಲೆ ಖಾಲಿ ಜಾಗ, ಚಾರ್ಜ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಏನಾಯಿತೆಂದು ಬರೆದುಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಫೋನು ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಪಕ್ಕದ ಮನೆಯವರ ಫೋನಿಗೆ ಬಂದ ಅಪ್‌ಡೇಟ್ ನಿಮ್ಮದಕ್ಕೆ ಇನ್ನೂ ಬಂದಿಲ್ಲವಾದರೆ ಅದು ದೋಷವಲ್ಲ. ಕಂಪನಿಗಳು ಮೊದಲು ಕೆಲವರಿಗೆ ಕಳಿಸಿ, ತೊಂದರೆಯಿಲ್ಲ ಎಂದು ಕಂಡಮೇಲೆ ಉಳಿದವರಿಗೆ ಕಳಿಸುವುದುಂಟು. ಫೋನು ತೀರಾ ಹಳೆಯದಾಗಿದ್ದರೆ ಅದಕ್ಕೆ ಅಪ್‌ಡೇಟ್ ಕಳಿಸುವುದನ್ನೇ ನಿಲ್ಲಿಸಿರಲೂಬಹುದು.

ಕಂಪನಿಯ ಲಾಂಛನದ ಪರದೆಯಲ್ಲೇ ಫೋನು ಗಂಟೆಗಟ್ಟಲೆ ನಿಂತುಬಿಟ್ಟಿದ್ದರೆ ನೀವೊಬ್ಬರೇ ಕೈಹಾಕಬೇಡಿ, ದೊಡ್ಡವರ ಜೊತೆ ಸರ್ವಿಸ್ ಸೆಂಟರಿಗೆ ಹೋಗಿ. ಯಾರಾದರೂ ‘ಫ್ಯಾಕ್ಟರಿ ರಿಸೆಟ್ ಮಾಡಿಬಿಡು, ಎಲ್ಲ ಸರಿಹೋಗುತ್ತೆ’ ಎಂದರೆ ಒತ್ತುವ ಮೊದಲು ಫೋನು ಯಾರದೋ ಅವರನ್ನು ಕೇಳಿ. ಆ ಒಂದು ಒತ್ತಿನಿಂದ ಫೋಟೊಗಳು, ಫೋನಿನಲ್ಲೇ ಇಟ್ಟ ಸಂಪರ್ಕ ಸಂಖ್ಯೆಗಳು, ಸಂದೇಶಗಳು ಎಲ್ಲವೂ ಅಳಿಸಿಹೋಗುತ್ತವೆ. ಮುಂದಿನ ಸಲ ಅಪ್‌ಡೇಟ್ ಬಂದಾಗ ಒತ್ತುವ ಮುನ್ನವೇ ಅವರೊಡನೆ ಕೂತು ಬೇಕಾದ ಫೋಟೊಗಳ ಇನ್ನೊಂದು ಪ್ರತಿಯನ್ನು ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ ಇಟ್ಟುಬಿಡಿ.